ಅಂಗಳದ ಗುರಿ, ಗುಡಿಯ ಇತಿಹಾಸ: ಪ್ರಾಥಮಿಕ ತರಗತಿಯ ಚಟುವಟಿಕೆಗಳು

ತಾನು ಏನನ್ನು ಕಲಿಯಲು ಹೊರಟಿದ್ದೇನೆ ಎಂಬುದು ಮಗುವಿಗೇ ಗೊತ್ತಿದ್ದಾಗ ತರಗತಿಯ ಚಟುವಟಿಕೆಗೆ ಅರ್ಥ ಬರುತ್ತದೆ. ಕರ್ನಾಟಕದಲ್ಲಿ ಈ ತಿಳಿವಳಿಕೆಗೆ ರೂಪ ಕೊಟ್ಟದ್ದು ನಲಿ-ಕಲಿ. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಕಲಿಕಾ ಏಣಿ ಗೋಡೆಯ ಮೇಲಿರುತ್ತದೆ. ಯಾವ ಮೆಟ್ಟಿಲಿನಲ್ಲಿದ್ದೇನೆ, ಮುಂದಿನದು ಯಾವುದು ಎಂಬುದನ್ನು ಮಗು ತಾನೇ ನೋಡಿಕೊಳ್ಳುತ್ತದೆ.

ಮೇಲಿನ ತರಗತಿಗಳಲ್ಲಿ ಈ ಅಭ್ಯಾಸ ಕೈಬಿಟ್ಟುಹೋಗಬಾರದು. "ಚೆನ್ನಾಗಿ ಓದುತ್ತೇನೆ" ಎಂಬುದು ಗುರಿಯಲ್ಲ, ಹಾರೈಕೆ. "ಶನಿವಾರದೊಳಗೆ ಒತ್ತಕ್ಷರದ ಹತ್ತು ಪದಗಳನ್ನು ತಪ್ಪಿಲ್ಲದೆ ಬರೆಯುತ್ತೇನೆ" ಎಂಬುದು ಗುರಿ, ಏಕೆಂದರೆ ಅದು ಮುಟ್ಟಿತೋ ಇಲ್ಲವೋ ಎಂದು ಮಗುವೇ ಹೇಳಬಲ್ಲದು. ಮುಟ್ಟದಿದ್ದರೆ ಮರುವಾರ ಹತ್ತನ್ನು ಐದಕ್ಕೆ ಇಳಿಸಬೇಕು. ಎಲ್ಲರೆದುರು ಹೆಸರು ಓದಿ ನಾಚಿಸುವುದರಿಂದ ಯಾವ ಮಗುವೂ ಕಲಿತಿಲ್ಲ.

ಹೀಗೆ ಗುರಿ ಇಟ್ಟುಕೊಂಡು ಮಾಡುವ ಇತಿಹಾಸದ ಚಟುವಟಿಕೆಗೆ ಹಾನಗಲ್ ಸೀಮೆಯಷ್ಟು ಅನುಕೂಲದ ನೆಲ ಅಪರೂಪ. ಶಾಸನಗಳ ಪಾನುಂಗಲ್ ಇದೇ ಊರು. ಇಲ್ಲಿಂದ ಆಳಿದ ಕದಂಬರ ಶಾಖೆಗೆ ಊರಿನ ಹೆಸರೇ ನಿಂತಿದೆ. ಕಲ್ಯಾಣ ಚಾಲುಕ್ಯರ ಕಾಲದ ತಾರಕೇಶ್ವರ ಗುಡಿಯಲ್ಲಿ ಕಮಲದ ಭುವನೇಶ್ವರಿ, ಅಂದರೆ ಕಮಲದ ಆಕಾರದಲ್ಲಿ ಕೆತ್ತಿದ ಒಳಛಾವಣಿ, ಇದೆ. ಅದನ್ನು ಇಡಿಯಾಗಿ ಚಿತ್ರಿಸಲು ಹೇಳಿದರೆ ಮಕ್ಕಳು ದಣಿಯುತ್ತಾರೆ. ಒಂದೊಂದು ಗುಂಪಿಗೆ ಒಂದೊಂದು ಸುತ್ತಿನ ಎಸಳು ಹಂಚಿ, ಶಾಲೆಯಲ್ಲಿ ಹಾಳೆಗಳನ್ನು ಜೋಡಿಸಿದರೆ ಸಮಮಿತಿಯ ಪಾಠವೂ ಆಗುತ್ತದೆ.

ಗುಡಿಗಿಂತಲೂ ಒಳ್ಳೆಯ ಪಠ್ಯ ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯಚಂದ್ರರು. ಇದನ್ನು ಶಿಕ್ಷಕರು ಮೊದಲೇ ಹೇಳಿಬಿಡಬಾರದು. ಕೈಯಲ್ಲಿ ಏನಿದೆ? ಎದುರಾಳಿ ಯಾರು? ದನಗಳಿವೆಯೇ? ಎಂದು ಕೇಳುತ್ತ ಹೋದರೆ ದನಗಳಿಗಾಗಿ ನಡೆದ ತುರುಗಾಳಗದ ಕಲ್ಲನ್ನು ಹತ್ತು ವರ್ಷದ ಮಗು ತಾನೇ ಗುರುತಿಸುತ್ತದೆ. ಕಂಡದ್ದನ್ನು ಒಂದು ಸಾಲಿನಲ್ಲಿ, ಊಹಿಸಿದ್ದನ್ನು ಇನ್ನೊಂದು ಸಾಲಿನಲ್ಲಿ ಬರೆಸುವುದು ಇಲ್ಲಿ ಮುಖ್ಯ. ಇತಿಹಾಸಕಾರರ ಕೆಲಸವೂ ಇದೇ.

ಹಾನಗಲ್ಲೇ ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಎಂಬ ಐತಿಹ್ಯವನ್ನು ಮಕ್ಕಳು ಮನೆಯಿಂದಲೇ ತರುತ್ತಾರೆ. ಅದನ್ನು ಸುಳ್ಳೆಂದು ತಳ್ಳಬೇಕಿಲ್ಲ, ಶಾಸನಕ್ಕೆ ಸಮನೆಂದು ಹೇಳಲೂಬಾರದು. ಹಿರಿಯರು ಹೇಳಿದ್ದು, ಕಲ್ಲಿನಲ್ಲಿ ಬರೆದದ್ದು ಎಂದು ಗೋಡೆಪತ್ರಿಕೆಯಲ್ಲಿ ಎರಡು ಅಂಕಣ ಮಾಡಿದರೆ ಸಾಕು. ಯಾವುದಕ್ಕೆ ಯಾವ ಆಧಾರ ಎಂಬುದು ಮಕ್ಕಳಿಗೆ ತಿಳಿಯುತ್ತದೆ.

ಸವಣೂರಿನ ದೊಡ್ಡಹುಣಸೆ ಮರಗಳು ಗಣಿತಕ್ಕೂ ಒದಗುತ್ತವೆ. ಆಫ್ರಿಕಾ ಮೂಲದ ಈ ಮರದ ಸುತ್ತಳತೆಯನ್ನು ಮೊದಲು ಕೈಕೈ ಹಿಡಿದು, ಆಮೇಲೆ ಹಗ್ಗದಿಂದ, ಕೊನೆಗೆ ಮೀಟರ್ ಪಟ್ಟಿಯಿಂದ ಅಳೆದರೆ, ಎಲ್ಲರಿಗೂ ಒಂದೇ ಮಾನ ಏಕೆ ಬೇಕೆಂಬುದು ಅಲ್ಲೇ ಹೊಳೆಯುತ್ತದೆ. ಶಿಗ್ಗಾವಿ ಕಡೆಯ ಶಾಲೆಗಳಿಗೆ ಬಂಕಾಪುರದ ಕೋಟೆ ಮತ್ತು ಕನಕದಾಸರ ಬಾಡ, ಹಿರೇಕೆರೂರಿನವರಿಗೆ ಅಬ್ಬಲೂರಿನ ಸೋಮೇಶ್ವರ ಗುಡಿ ಹತ್ತಿರವಿವೆ.

ಖರ್ಚು ಹೆಚ್ಚಿಲ್ಲ: ಹಗ್ಗ, ಪೆನ್ಸಿಲ್, ಹಿಂಬದಿ ಖಾಲಿಯಿರುವ ಹಾಳೆ. ಆದರೆ ಅಕ್ಷರ ಕಾಣಲೆಂದು ಶಾಸನಕ್ಕೆ ಸುಣ್ಣ, ಎಣ್ಣೆ, ಬಳಪ ಹಚ್ಚಲು ಬಿಡಬಾರದು. ಇಳಿಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಮಕ್ಕಳನ್ನು ಕರೆದೊಯ್ದರೆ ಅಕ್ಷರಗಳು ನೆರಳಿನಿಂದಲೇ ಎದ್ದು ಕಾಣುತ್ತವೆ.