ಸೀಟಿನಿಂದ ಕೆಲಸದವರೆಗೆ: ಕಲಬುರಗಿಯ ಖೂಬಾ ಪ್ಲಾಟ್ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನಾ ಭಾಷಣ

ಭಾರತದ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ವಿಭಾಗದ 57.2 ಲಕ್ಷ ವಿದ್ಯಾರ್ಥಿಗಳಲ್ಲಿ 29.8 ಲಕ್ಷ ಮಂದಿ ಹುಡುಗಿಯರು. ಎಂಜಿನಿಯರಿಂಗ್‌ಗೆ ಬಂದರೆ ಈ ಪಾಲು ಶೇ 29ರ ಆಸುಪಾಸಿಗೆ ಇಳಿಯುತ್ತದೆ. ಸಂಶೋಧನೆ ಮತ್ತು ಅಭಿವೃದ್ಧಿಯ ಕೆಲಸದಲ್ಲಿ ಇರುವವರನ್ನು ಎಣಿಸಿದರೆ ಐವರಲ್ಲಿ ಒಬ್ಬ ಹೆಂಗಸೂ ಸಿಗುವುದಿಲ್ಲ. ಜಾತಿಯ ಲೆಕ್ಕವೂ ಹೀಗೆಯೇ ಇದೆ. ಐಐಟಿಗಳ ವಿದ್ಯಾರ್ಥಿ ಸೀಟುಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5 ಮೀಸಲಿದೆ, ಅಲ್ಲಿನ ಅಧ್ಯಾಪಕ ಹುದ್ದೆಗಳಲ್ಲಿ ಈ ಸಮುದಾಯಗಳ ಸಂಖ್ಯೆ ಆ ಪ್ರಮಾಣದ ಹತ್ತಿರಕ್ಕೂ ಬಂದಿಲ್ಲ. ಓದಿಗೂ ಉದ್ಯೋಗಕ್ಕೂ ನಡುವೆ ಜನ ಕಳೆದುಹೋಗುತ್ತಿದ್ದಾರೆ.

ಕಲಬುರಗಿಯಲ್ಲಿ ಸೀಟಿನ ಕೊರತೆ ಮೊದಲಿನಷ್ಟಿಲ್ಲ. ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು 1958ರದು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ, ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಬಂದವು. ಶರಣಬಸವ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ಎಂಜಿನಿಯರಿಂಗ್ ನಿಕಾಯವಿದೆ. ಸಂವಿಧಾನದ 371(ಜೆ) ವಿಧಿಯ ಅನ್ವಯ 2013ರಲ್ಲಿ ಹೊರಟ ಆದೇಶದಂತೆ ಕಲಬುರಗಿ ಸೇರಿದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಇಲ್ಲಿನವರಿಗೆ ಮೀಸಲು. ನೇಮಕಾತಿಯಲ್ಲೂ ಪಾಲಿದೆ. ಸಿಇಟಿಯಲ್ಲಿ ಇದರ ಜೊತೆಗೆ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ.

ಆದರೆ ಕೋಟಾದ ಪ್ರಯೋಜನ ಸಿಗುವುದು ಸಿಇಟಿ ಬರೆಯುವವರೆಗೆ ಉಳಿದವರಿಗೆ ಮಾತ್ರ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಫಲಿತಾಂಶ ಶೇ 91 ದಾಟಿತ್ತು. ಕಲಬುರಗಿಯದು ಶೇ 42.43, ರಾಜ್ಯಕ್ಕೇ ಕೊನೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷನ ರಾಜಧಾನಿ ಮಳಖೇಡ ಇದೇ ಜಿಲ್ಲೆಯಲ್ಲಿದೆ, ಅವನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ ಎಂದು ಸಮಾರಂಭಗಳಲ್ಲಿ ನೆನೆಯುವ ರೂಢಿಯಿದೆ. ನೆನೆಯುವುದು ತಪ್ಪಲ್ಲ, ಆದರೆ ಅದರಿಂದ ಎಂಟನೇ ತರಗತಿಯ ಭಿನ್ನರಾಶಿ ಯಾರಿಗೂ ಬರುವುದಿಲ್ಲ. ಹತ್ತನೇ ತರಗತಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ಯತ್ನದಲ್ಲಿ ನಿಂತುಹೋದರೆ, ಕೋಟಾದೊಳಗೂ ಮುಂದೆ ಬರುವವರು ಟ್ಯೂಷನ್ನಿಗೆ ದುಡ್ಡು ಕಟ್ಟಬಲ್ಲ ಮನೆಯವರೇ.

ಮಕ್ಕಳು ಹೀಗೆ ನಿಂತುಹೋಗುವುದು ಹೇಗೆ ಎಂಬುದು ಹುಮನಾಬಾದ ರಸ್ತೆಯ ಕಮಲಾಪುರದ ಕಡೆ ನೋಡಿದರೆ ತಿಳಿಯುತ್ತದೆ. ಕೆಂಪು ಬಾಳೆಗೆ ಹೆಸರಾದ ಈ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳಿವೆ. ಊರಲ್ಲಿ ಕೆಲಸ ಮುಗಿದ ಮೇಲೆ ತಾಂಡಾದ ಕುಟುಂಬಗಳು ಮುಂಬೈ, ಪುಣೆ ಕಡೆಗೆ ಗುಳೆ ಹೋಗುತ್ತವೆ. ಅವರ ಜೊತೆ ಮಕ್ಕಳೂ ಹೋಗುತ್ತಾರೆ, ಇಲ್ಲವೇ ದೊಡ್ಡ ಹುಡುಗಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ಗಣಿತ ಒಂದರ ಮೇಲೊಂದು ಕಟ್ಟಿಕೊಳ್ಳುವ ವಿಷಯ. ನಾಲ್ಕು ತಿಂಗಳು ತಪ್ಪಿದರೆ ಮುಂದಿನ ವರ್ಷದ ಪಾಠ ತಲೆಗೆ ಹತ್ತುವುದಿಲ್ಲ. ಸಮಾಜ ವಿಜ್ಞಾನದಲ್ಲಿ ಹೇಗೋ ಪಾಸಾಗಬಹುದು, ಬೀಜಗಣಿತದಲ್ಲಿ ಆಗದು. ಹಾಗಾಗಿ ಈ ಮಕ್ಕಳ ವಿಜ್ಞಾನದ ಓದು ಯಾರೂ ಬೇಡವೆನ್ನದೆಯೇ ನಿಂತುಹೋಗುತ್ತದೆ.

ಇದಕ್ಕೆ ಕೆಲಸ ಮಾಡಿ ತೋರಿಸಿರುವ ಮದ್ದು ವಸತಿ ಶಾಲೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ, ಕಸ್ತೂರಬಾ ಗಾಂಧಿ ಶಾಲೆಗಳಲ್ಲಿ ಇರುವ ಮಗು ಗುಳೆಯ ತಿಂಗಳುಗಳಲ್ಲೂ ತರಗತಿಯಲ್ಲಿ ಕೂತಿರುತ್ತದೆ. ಕಷ್ಟ ಮರಳಿ ಶುರುವಾಗುವುದು ಪಿಯುಸಿಯಲ್ಲಿ. ಸೈನ್ಸ್ ತೆಗೆದುಕೊಳ್ಳಲು ಕಲಬುರಗಿಗೇ ಬರಬೇಕು ಎನ್ನುವಂತಾದಾಗ ಹಾಸ್ಟೆಲ್ ಸಿಗದ ಹುಡುಗಿ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಸೇರುತ್ತಾಳೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ತಪ್ಪಿದೆ. ಪ್ರಾಕ್ಟಿಕಲ್ಸ್, ಟ್ಯೂಷನ್ ಮುಗಿಸಿ ಹೊರಡುವ ಹೊತ್ತಿಗೆ ಊರಿನ ಬಸ್ಸು ಇರಬೇಕಷ್ಟೆ. ವಿಜ್ಞಾನದಲ್ಲಿ ಪ್ರಾತಿನಿಧ್ಯ ಎಂಬ ದೊಡ್ಡ ಮಾತು ಕೆಲವೊಮ್ಮೆ ಸಂಜೆಯ ಬಸ್ಸಿನ ವೇಳಾಪಟ್ಟಿಯಲ್ಲೇ ತೀರ್ಮಾನವಾಗುತ್ತದೆ.

ಮುಂದಿನ ತಡೆ ಭಾಷೆ. ಹತ್ತರವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದವರಿಗೆ ಪಿಯುಸಿಯ ಭೌತಶಾಸ್ತ್ರ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿತು. ಪಕ್ಕದ ಬೀದರ್ ಜಿಲ್ಲೆಯ ಭಾಲ್ಕಿಯ ಕಾಲೇಜು ಕನ್ನಡದಲ್ಲಿ ಕಲಿಸಲು ಮುಂದೆ ಬಂದಿತು. ಕಂಪನಿಗಳ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುವಾಗ ಹೆತ್ತವರು ಹಿಂಜರಿಯುವುದು ಸಹಜ. ಮೊದಲ ವರ್ಷ ಎರಡೂ ಭಾಷೆಯಲ್ಲಿ ಪಾಠ ಹೇಳಿ, ಪರೀಕ್ಷೆಯನ್ನು ಬೇಕಾದ ಭಾಷೆಯಲ್ಲಿ ಬರೆಯಲು ಬಿಡುವುದು ಇಡೀ ಕೋರ್ಸನ್ನು ಕನ್ನಡದಲ್ಲೇ ಕಲಿಸುವುದಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಪದವಿ ಸಿಕ್ಕ ಮೇಲಿನ ಕಥೆ ಬೇರೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ 1974ರಲ್ಲಿ ಕಂಡ, ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್ ಕಾರ್ಡ್ ಬರೆದದ್ದು, ಕೆಲಸ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಇಂದು ಅಂಥ ಜಾಹೀರಾತು ಬರುವುದಿಲ್ಲ, ತಡೆ ಮನೆಯಲ್ಲೂ ಊರಿನ ದೂರದಲ್ಲೂ ಇದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನು ಬಿಟ್ಟರೆ ಎಂಜಿನಿಯರಿಗೆ ಕೆಲಸವಿರುವುದು ಹೆಚ್ಚಾಗಿ ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ.

ಕೆಲಸದಲ್ಲಿ ಉಳಿದುಕೊಂಡವರ ಬದುಕು ಇಲ್ಲಿ ಹೆಚ್ಚು ಕಲಿಸುತ್ತದೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದವರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಮದುವೆಯಾದ ಮೇಲೂ ಕೆಲಸ ಬಿಡಲಿಲ್ಲ, ವಿಭಾಗದ ಮುಖ್ಯಸ್ಥೆಯೂ ಆದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಎರಡು ತಲೆಮಾರಿನ ಓದು ಬೆನ್ನಿಗಿತ್ತು ಎಂದು ಅರ್ಥ. ಕಲಬುರಗಿ ಜಿಲ್ಲೆಯಲ್ಲಿ 2011ರ ಜನಗಣತಿಯ ವೇಳೆಗೂ ಮಹಿಳಾ ಸಾಕ್ಷರತೆ ಶೇ 55 ಮಾತ್ರ. ಇಲ್ಲಿನ ಅನೇಕ ಹುಡುಗಿಯರ ಅಜ್ಜಿಯರಿಗೆ ಅಕ್ಷರವೇ ಬಾರದು. ಮನೆಯಲ್ಲಿ ಇಲ್ಲದ ಆ ಬೆಂಬಲವನ್ನು ಕಾಲೇಜು, ಹಿರಿಯ ವಿದ್ಯಾರ್ಥಿಗಳು, ಇಲಾಖೆಗಳು ತುಂಬಬೇಕಾಗುತ್ತದೆ. ಕೆಲಸದಿಂದ ಬಿಡುವು ತೆಗೆದುಕೊಂಡ ಮಹಿಳೆಯರು ಸಂಶೋಧನೆಗೆ ಮರಳಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಯೋಜನೆ ನಡೆಸುತ್ತಿದೆ. ಅದರ ಸುದ್ದಿ ಇಲ್ಲಿನ ಕಾಲೇಜುಗಳ ಸೂಚನಾ ಫಲಕಕ್ಕೂ ಬರಬೇಕು.

ಐಐಟಿಗಳು 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟು ಕೊಟ್ಟು 2020ರ ವೇಳೆಗೆ ಅವರ ಪಾಲನ್ನು ಶೇ 20ಕ್ಕೆ ತಂದವು. ಒಳ್ಳೆಯ ಕ್ರಮ. ಆದರೆ ತುಂಬಿದ ಸೀಟಿನ ಎಣಿಕೆ ಪ್ರವೇಶದ ದಿನದ ಎಣಿಕೆ. ಹತ್ತು ವರ್ಷದ ನಂತರ ಅವರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ ಎಂಬುದನ್ನು ಪ್ರತಿ ಕಾಲೇಜೂ ಲೆಕ್ಕವಿಟ್ಟು ಪ್ರಕಟಿಸಬೇಕು.

ಖೂಬಾ ಪ್ಲಾಟ್‌ನಲ್ಲಿ ಇಂದು ತೆರೆದಿರುವ ಈ ವಸ್ತುಪ್ರದರ್ಶನಕ್ಕೂ ಮಕ್ಕಳನ್ನು ವಿಜ್ಞಾನದಲ್ಲಿ ಉಳಿಸಿಕೊಳ್ಳುವ ಕೆಲಸದಲ್ಲಿ ಪಾಲಿದೆ. ವಿಜ್ಞಾನ ಮಾದರಿಗಳ ಮುಂದೆ ಹುಡುಗ ವೈರು ಜೋಡಿಸುವುದು, ಹುಡುಗಿ ಚಾರ್ಟ್ ಹಿಡಿದು ವಿವರಣೆ ಒಪ್ಪಿಸುವುದು ಹಲವು ಕಡೆ ಕಾಣುವ ಪದ್ಧತಿ. ನೋಡಲು ಬಂದವರು ವಿವರಣೆ ಕೇಳಿ ಚಪ್ಪಾಳೆ ತಟ್ಟಿ ಮುಂದೆ ಸಾಗದೆ, ಮಾದರಿಯನ್ನು ಬಿಚ್ಚಿ ಮತ್ತೆ ಜೋಡಿಸಿ ತೋರಿಸುವಂತೆ ಆ ಹುಡುಗಿಯನ್ನೇ ಕೇಳಬೇಕು. ತಾಂಡಾ ಶಾಲೆಗಳ ಶಿಕ್ಷಕರು ಎಂಟನೇ ತರಗತಿಯ ಮಕ್ಕಳನ್ನು ಕರೆತರಲಿ. ಭೇಟಿಗೆ ಬರುವ ಎಂಜಿನಿಯರುಗಳು, ವಿಜ್ಞಾನಿಗಳು ತಾವು ಯಾವ ಊರಿನ, ಯಾವ ಶಾಲೆಯಲ್ಲಿ ಓದಿದವರೆಂದು ಆ ಮಕ್ಕಳಿಗೆ ಹೇಳಿ ಹೋಗಲಿ.