ತಿರುಗುವ ಚಕ್ರವನ್ನು ನೋಡುವ ಮಗು
(ವೇಣೂರಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ಸುಲಿಯುವ ಯಂತ್ರವೋ ಅಕ್ಕಿ ಗಿರಣಿಯ ಪಟ್ಟಿಯೋ ತಿರುಗುತ್ತಿದ್ದರೆ, ಕೆಲವು ಮಕ್ಕಳು ಕರೆದರೂ ಕೇಳದೆ ಅದನ್ನೇ ನೋಡುತ್ತ ನಿಲ್ಲುವುದುಂಟು. ಇದು ಗಾಳಿ ಸೋಂಕಲ್ಲ, ಹಠವೂ ಅಲ್ಲ. ಆಟಿಸಂ ಇರುವವರಲ್ಲಿ ಇಂಥ ಆಸಕ್ತಿ ಹೆಚ್ಚು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿಷಯ ಬರೆದಾಗಲೇ ಇದನ್ನು ಗುರುತಿಸಿದ್ದರು.

ಮನುಷ್ಯರ ಮುಖಭಾವ ಕ್ಷಣಕ್ಕೊಂದು. ಚಕ್ರದ ಸುತ್ತು ಒಂದೇ ಸಮ. ಅದರಲ್ಲಿ ನೆಮ್ಮದಿಯಿದೆಯೆಂದು ಅಂಥವರೇ ಹಲವರು ಹೇಳಿದ್ದಾರೆ. ಆದ್ದರಿಂದ ಮಗುವನ್ನು ಹೊಡೆದೆಳೆಯಬೇಡಿರಿ. ಪಟ್ಟಿಗೆ ತಡೆಬಲೆ ಹಾಕಿಸಿರಿ. ದೂರದಲ್ಲಿ ನಿಲ್ಲಲು ಜಾಗ ಗೊತ್ತುಮಾಡಿರಿ. ಪಕ್ಕದಲ್ಲಿ ಕುಳಿತು ಯಂತ್ರದ ಹೆಸರು ಹೇಳಿರಿ. ಮಾತು ಅಲ್ಲಿಂದಲೇ ಚಿಗುರಬಹುದು.

ಮಾತು ತಡವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಸಂಕೋಚ ಬೇಡ, ಮಗು ನಮ್ಮದೇ.