ಚೀಟಿ ಎತ್ತಿ, ಸೈಕಲ್ ಏರಿ



ನೀವು ವಾಸಿಸುವ ಊರು ನಿಮಗೆ ಎಷ್ಟು ಗೊತ್ತು? ಹುಟ್ಟಿದಾಗಿನಿಂದ ಇಲ್ಲೇ ಇದ್ದೇವೆ, ಗೊತ್ತಿಲ್ಲದೆ ಏನು ಎಂದು ನೀವು ಹೇಳಬಹುದು. ಒಂದು ಕೆಲಸ ಮಾಡಿ. ಊರಿನ ನಕ್ಷೆಯನ್ನು ಹರಡಿಕೊಂಡು, ಕಳೆದ ಒಂದು ತಿಂಗಳಲ್ಲಿ ನೀವು ಓಡಾಡಿದ ರಸ್ತೆಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮನೆಯಿಂದ ಶಾಲೆ ಅಥವಾ ಕಾಲೇಜು, ಅಲ್ಲಿಂದ ಮನೆಪಾಠ, ವಾರಕ್ಕೊಮ್ಮೆ ಮಾರುಕಟ್ಟೆ, ಹಬ್ಬಕ್ಕೆ ಅಜ್ಜಿಯ ಮನೆ. ನಾಲ್ಕಾರು ಗೆರೆ ಮೂಡುತ್ತವೆ, ಅಷ್ಟೆ. ಉಳಿದ ಊರೆಲ್ಲ ಗೆರೆಯಿಲ್ಲದೆ ಖಾಲಿ ಉಳಿಯುತ್ತದೆ. ಅಲ್ಲಿಗೆ ನಾವು ಹೋಗದಿರುವುದಕ್ಕೆ ಕಾರಣ ಸರಳವಾದದ್ದು: ಅಲ್ಲಿ ನಮಗೆ ಕೆಲಸವಿಲ್ಲ.

ಕೆಲಸವಿಲ್ಲದ ಕಡೆಗೇ ಹೋಗುವುದನ್ನು ಆಟವಾಗಿ ಮಾಡಿಕೊಂಡವರಿದ್ದಾರೆ. 2008ರ ಮೇ ತಿಂಗಳಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ರಾಂಡಲ್ ಮನ್ರೋ ತಮ್ಮ ‘ಎಕ್ಸ್‌ಕೆಸಿಡಿ’ ಚಿತ್ರಮಾಲೆಯಲ್ಲಿ ಇದರ ವಿಧಾನವನ್ನು ಬರೆದು ತೋರಿಸಿದರು. ಆಟದ ಹೆಸರು ಜಿಯೋಹ್ಯಾಶಿಂಗ್. ಅಂದಿನ ದಿನಾಂಕವನ್ನೂ ನ್ಯೂಯಾರ್ಕಿನ ಡೌ ಜೋನ್ಸ್ ಷೇರು ಸೂಚ್ಯಂಕದ ಆರಂಭದ ಅಂಕಿಯನ್ನೂ ಜೋಡಿಸಿ, ಎಂಡಿ5 ಎಂಬ ಗಣಿತದ ಗಿರಣಿಗೆ ಹಾಕುತ್ತಾರೆ. ಹೊರಬೀಳುವ ಉದ್ದನೆಯ ಸಂಖ್ಯೆಯನ್ನು ಎರಡು ಸಮಭಾಗ ಮಾಡಿ, ಒಂದನ್ನು ತಮ್ಮ ಊರಿನ ಅಕ್ಷಾಂಶದ ದಶಮಾಂಶ ಭಾಗವಾಗಿ, ಇನ್ನೊಂದನ್ನು ರೇಖಾಂಶದ ದಶಮಾಂಶ ಭಾಗವಾಗಿ ಇಟ್ಟುಕೊಳ್ಳುತ್ತಾರೆ. ಆ ಎರಡು ಸಂಖ್ಯೆಗಳು ಕೂಡುವ ಬಿಂದುವಿಗೆ ಹೊರಡುವುದೇ ಆಟ. ಷೇರುಪೇಟೆ ತೆರೆಯುವ ತನಕ ಆ ಅಂಕಿ ಯಾರಿಗೂ ಗೊತ್ತಿಲ್ಲ. ತೆರೆದ ಮೇಲೆ ಎಲ್ಲರಿಗೂ ಒಂದೇ. ಆದ್ದರಿಂದ ಯಾರೂ ತಮಗೆ ಬೇಕಾದ ಜಾಗವನ್ನು ಮೊದಲೇ ಆರಿಸಿಕೊಳ್ಳುವಂತಿಲ್ಲ. ನಮ್ಮ ಕಡೆಯ ದೇಶಗಳಿಗೆ ಹಿಂದಿನ ದಿನದ ಅಂಕಿಯನ್ನು ಬಳಸುವ ನಿಯಮವಿದೆ. ನ್ಯೂಯಾರ್ಕಿನ ಪೇಟೆ ತೆರೆಯುವಾಗ ಇಲ್ಲಿ ಸಂಜೆ ಏಳೋ ಎಂಟೋ ಗಂಟೆ. ಹೀಗಾಗಿ ನಾಳೆಯ ಬಿಂದು ನಮಗೆ ಇಂದು ರಾತ್ರಿಯ ಊಟದ ಹೊತ್ತಿಗೇ ತಿಳಿದುಬಿಡುತ್ತದೆ.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಗರದ ಮಧ್ಯ ಮತ್ತು ದಕ್ಷಿಣ ಭಾಗಗಳು 12ರಿಂದ 13ರ ಅಕ್ಷಾಂಶ, 77ರಿಂದ 78ರ ರೇಖಾಂಶದ ಚೌಕದಲ್ಲಿವೆ. 13ನೆಯ ಅಕ್ಷಾಂಶದ ಗೆರೆ ಮಲ್ಲೇಶ್ವರದ ಆಸುಪಾಸಿನಲ್ಲಿ ಹಾದುಹೋಗುವುದರಿಂದ ಹೆಬ್ಬಾಳ, ಯಲಹಂಕಗಳು ಪಕ್ಕದ ಚೌಕಕ್ಕೆ ಸೇರುತ್ತವೆ. ಈ ಚೌಕ ಚಿಕ್ಕದೇನಲ್ಲ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿಲೋಮೀಟರು. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108. ಒಟ್ಟು ಹೆಚ್ಚುಕಡಿಮೆ 12,000 ಚದರ ಕಿಲೋಮೀಟರು. ರಾಮನಗರ, ಕನಕಪುರ, ಹೊಸೂರು, ಮೇಕೆದಾಟು ಎಲ್ಲವೂ ಇದರೊಳಗೇ ಇವೆ. ನಿಮ್ಮ ಮನೆಯಿಂದ 10 ಕಿಲೋಮೀಟರು ತ್ರಿಜ್ಯದ ವೃತ್ತದ ವಿಸ್ತೀರ್ಣ 314 ಚದರ ಕಿಲೋಮೀಟರು. ಭಾಗಿಸಿ ನೋಡಿ. ದಿನದ ಬಿಂದು ಆ ವೃತ್ತದೊಳಗೆ ಬೀಳುವುದು ಸರಾಸರಿ 38 ದಿನಕ್ಕೊಮ್ಮೆ. ಸೈಕಲ್ ತುಳಿಯುವ ವಯಸ್ಸಿನವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು!

ಅದಕ್ಕೆ ಷೇರುಪೇಟೆಯನ್ನು ಅಲ್ಲಿಗೇ ಬಿಟ್ಟು, ಚೀಟಿ ಎತ್ತೋಣ. ಸೊನ್ನೆಯಿಂದ ಒಂಬತ್ತರವರೆಗೆ ಬರೆದ ಹತ್ತು ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿ. ಕಾಗದದ ಮೇಲೆ 12.9 ಎಂದೂ 77.5 ಎಂದೂ ಬರೆದಿಟ್ಟುಕೊಂಡು, ಒಂದೊಂದರ ಮುಂದೆ ಮೂರು ಮೂರು ಅಂಕಿಗಳನ್ನು ಚೀಟಿ ಎತ್ತಿ ತುಂಬಿಸಿ. ಪ್ರತಿ ಸಲವೂ ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಬೇಕು. ಇಲ್ಲದಿದ್ದರೆ ಒಮ್ಮೆ ಬಂದ ಅಂಕಿಗೆ ಎರಡನೆಯ ಅವಕಾಶವೇ ಇರುವುದಿಲ್ಲ. ಈಗ ನಿಮ್ಮ ಚೌಕ ಸುಮಾರು 11 ಕಿಲೋಮೀಟರು ಉದ್ದ, 11 ಕಿಲೋಮೀಟರು ಅಗಲ. ಉತ್ತರಕ್ಕೆ ಮಲ್ಲೇಶ್ವರದ ಅಂಚು, ದಕ್ಷಿಣಕ್ಕೆ ಜೆ.ಪಿ. ನಗರ, ಪೂರ್ವಕ್ಕೆ ಕಬ್ಬನ್ ಪಾರ್ಕು, ಪಶ್ಚಿಮಕ್ಕೆ ರಾಜರಾಜೇಶ್ವರಿ ನಗರ. ಹುಬ್ಬಳ್ಳಿಯವರು 15.3 ಮತ್ತು 75.1 ಎಂದು ಇಟ್ಟುಕೊಂಡರೆ ಅವರ ಊರಿಗೂ ಇದೇ ಅಳತೆ ಹೊಂದುತ್ತದೆ. ಕೊನೆಯ ಸ್ಥಾನದ ಒಂದು ಅಂಕಿ ನೆಲದ ಮೇಲೆ 11 ಮೀಟರಿಗೆ ಸಮ. ಬಯಲಿನಲ್ಲಿ ಮೊಬೈಲ್ ಫೋನಿನ ಜಿಪಿಎಸ್ ಸುಮಾರು 5 ಮೀಟರಿನ ಆಚೀಚೆ ನಿಮ್ಮ ಸ್ಥಾನವನ್ನು ಹೇಳಬಲ್ಲುದು. ಎತ್ತರದ ಕಟ್ಟಡಗಳ ನಡುವೆ ಅದು ಸ್ವಲ್ಪ ತಡವರಿಸುತ್ತದೆ.

ಚೀಟಿಗಳಲ್ಲಿ 5, 8, 3 ಬಂತು, ಆಮೇಲೆ 4, 7, 2 ಬಂತು ಎನ್ನಿ. 12.9583, 77.5472. ಮೈಸೂರು ರಸ್ತೆಗೆ ಹತ್ತಿರ, ಬಾಪೂಜಿ ನಗರದ ಆಸುಪಾಸು. ಚಾಮರಾಜಪೇಟೆಯ ಕಡೆಯಿಂದ ಹೊರಟವರಿಗೆ ದಾರಿ ಪಶ್ಚಿಮಕ್ಕೆ ಇಳಿಯುತ್ತ ಹೋಗುವುದು ಕಾಲಿಗೇ ಗೊತ್ತಾಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಬೆಂಗಳೂರು ಸಪಾಟು. ಸೈಕಲ್ ಸವಾರನಿಗೆ ಹಾಗಲ್ಲ. ಇದು ದಿಬ್ಬದ ಮೇಲಿನ ಊರು. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ನೇರವಾದ ರಸ್ತೆಯೊಂದು ಇದ್ದಕ್ಕಿದ್ದಂತೆ ತಗ್ಗಿ ಮತ್ತೆ ಏರಿದರೆ, ಆ ತಗ್ಗಿನಲ್ಲಿ ಕಾಲುವೆಯೋ ಹಳೆಯ ಕೆರೆಯೋ ಇದ್ದಿರಬಹುದೆಂದು ಶಂಕಿಸಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಈ ಪಾಠವನ್ನು ಮೊಣಕಾಲಿನಿಂದ ಕಲಿತವರು ಮರೆಯುವುದಿಲ್ಲ.

ಇನ್ನು ಬಿಂದುವನ್ನು ತಲುಪಿದಾಗ ಅಲ್ಲಿ ಏನಿರುತ್ತದೆ? ಬಹಳ ಸಲ ಏನೂ ಇರುವುದಿಲ್ಲ. ಗ್ಯಾರೇಜಿನ ಹಿಂಗೋಡೆ, ಓಣಿಯ ಕಾಂಕ್ರೀಟು, ಯಾರದೋ ಮನೆಯ ನೀರಿನ ತೊಟ್ಟಿ. ಆಗ ಮನಸ್ಸು ಒಂದು ಉಪಾಯ ಹೇಳುತ್ತದೆ: ಹೇಗೂ ಇಷ್ಟು ದೂರ ಬಂದೆವು, ಪಕ್ಕದ ರಸ್ತೆಯಲ್ಲಿ ಒಳ್ಳೆಯ ಉದ್ಯಾನವಿದೆ, ಬಿಂದು ಅಲ್ಲೇ ಎಂದು ಬರೆದುಕೊಂಡರಾಯಿತು. ಹಾಗೆ ಮಾಡಿದ ಕ್ಷಣವೇ ಆಟ ಮುಗಿಯಿತು. ಚೀಟಿ ಆರಿಸಿದ ಜಾಗ ಹೋಗಿ, ನೀವು ಆರಿಸಿದ ಜಾಗ ಬಂತು. ನಿಮ್ಮ ಹಳೆಯ ಪೆನ್ಸಿಲ್ ಗೆರೆಗಳ ಸಾಲಿಗೆ ಇನ್ನೊಂದು ಗೆರೆ ಸೇರಿತು, ಅಷ್ಟೆ.

ಆಟದಲ್ಲಿ ಇಷ್ಟು ಬಿಗಿ ಏಕೆ ಎಂದು ನೀವು ಕೇಳಬಹುದು. ಇದೇ ಕೆಲಸವನ್ನು ಜೀವನೋಪಾಯದ ಪ್ರಶ್ನೆಯಾಗಿ ಮಾಡುವವರಿದ್ದಾರೆ. ಪ್ರಶಾಂತಚಂದ್ರ ಮಹಾಲನೋಬಿಸ್ 1937ರಿಂದ ಬಂಗಾಳದಲ್ಲಿ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಅಳೆಯಲು ಯಾದೃಚ್ಛಿಕ ಮಾದರಿ ಸಮೀಕ್ಷೆ ನಡೆಸಿದರು. ಮುಂದೆ 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ ಮೊದಲಾದವರು ಬೆಳೆ ಕಟಾವು ಪ್ರಯೋಗದ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಅದು ನಡೆಯುತ್ತದೆ. ಕೆಲವು ಸರ್ವೆ ನಂಬರುಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಪಟ್ಟಿಯಲ್ಲಿ ಬಂದ ಎರಡು ಸಂಖ್ಯೆಗಳಷ್ಟು ಹೆಜ್ಜೆಗಳನ್ನು ಉದ್ದಕ್ಕೂ ಅಗಲಕ್ಕೂ ಹಾಕಿ, ಅಲ್ಲಿ ಗೂಟ ನೆಡುತ್ತಾರೆ. ಅನೇಕ ಬೆಳೆಗಳಿಗೆ 5 ಮೀಟರು ಉದ್ದ, 5 ಮೀಟರು ಅಗಲದ ತುಂಡನ್ನು ಅಳೆದು, ಕೊಯ್ದು, ಒಕ್ಕಿ, ತೂಗುತ್ತಾರೆ. ತುಂಡು ತೀರ ಚಿಕ್ಕದಾದರೆ ಅಂಚಿನ ಪೈರನ್ನೂ ಒಳಗೆ ಸೇರಿಸಿಕೊಳ್ಳುವ ಚಪಲದಿಂದ ಇಳುವರಿ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ ಎಂಬುದನ್ನು ಆ ಕಾಲದಲ್ಲೇ ಕಂಡುಕೊಂಡಿದ್ದರು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಒಂದು ಪಂಚಾಯಿತಿಯ ಅಥವಾ ಹೋಬಳಿಯ ವಿಮಾ ಪರಿಹಾರ ಮುಖ್ಯವಾಗಿ ಇಂಥ ತೂಕದ ಮೇಲೆ ನಿಂತಿದೆ. ಈಗ ಯೋಚಿಸಿ. ಗೂಟ ಬೀಳಬೇಕಾದ್ದು ಹೊಲದ ಒಣಗಿದ ನಡುಭಾಗದಲ್ಲಿ. ಬಿಸಿಲು ಏರಿದೆ, ದಾರಿಯ ಪಕ್ಕದಲ್ಲಿ ಪೈರು ಹಸಿರಾಗಿದೆ. ಇಲ್ಲೇ ಕೊಯ್ದರಾಯಿತು ಎಂದು ಒಬ್ಬರು ಅಂದುಕೊಂಡರೆ ಲೆಕ್ಕದಲ್ಲಿ ಇಳುವರಿ ಏರುತ್ತದೆ. ಬೆಳೆ ಕಳೆದುಕೊಂಡ ಊರಿಗೆಲ್ಲ ಪರಿಹಾರ ಇಳಿಯುತ್ತದೆ.

ನಿಮ್ಮ ತರಗತಿಯವರು ಸೇರಿ 40 ಬಿಂದುಗಳನ್ನು ಹಂಚಿಕೊಂಡಿರೆಂದು ಇಟ್ಟುಕೊಳ್ಳಿ. ಅವುಗಳಲ್ಲಿ 6 ಬಿಂದುಗಳು ಮರದ ನೆರಳಿನಲ್ಲಿ ಬಿದ್ದರೆ, ಚೌಕದ ಶೇಕಡಾ 15ರಷ್ಟು ಭಾಗಕ್ಕೆ ಮರದ ನೆರಳಿದೆ ಎಂದು ಅಂದಾಜು ಮಾಡಬಹುದು. ಆದರೆ 40 ಬಿಂದುಗಳ ಅಂದಾಜಿನಲ್ಲಿ ಶೇಕಡಾ 11ರಷ್ಟು ಆಚೀಚೆ ಆಗುವ ಸಂಭವವಿದೆ. ಆ ಅನುಮಾನವನ್ನು ಅರ್ಧಕ್ಕಿಳಿಸಲು ಬಿಂದುಗಳನ್ನು ಎರಡು ಪಟ್ಟು ಮಾಡಿದರೆ ಸಾಲದು, ನಾಲ್ಕು ಪಟ್ಟು ಮಾಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಬೆಂಗಳೂರಿನಲ್ಲಿ ದೊಡ್ಡ ಮರಗಳು ಬಹಳಷ್ಟು ಎತ್ತರದ ಕಾಂಪೌಂಡುಗಳ ಒಳಗಿವೆ. ಒಳಗೆ ಬಿಡಲಿಲ್ಲವೆಂದು ಅಂಥ ಬಿಂದುಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದರೆ, ನಗರದಲ್ಲಿ ಮರಗಳೇ ಇಲ್ಲವೆಂಬ ಲೆಕ್ಕ ಬಂದೀತು. ಹಾಗೆಂದು ಗೋಡೆ ಹಾರಬೇಡಿ. ಖಾಸಗಿ ಜಾಗ, ಸೇನೆಯ ಜಾಗ, ರೈಲು ಹಳಿ, ರಾಜಕಾಲುವೆಯ ಅಂಚು, ಇವು ಬಿಂದುವಿನ ನೆಪದಲ್ಲಿ ಹೋಗುವ ಜಾಗಗಳಲ್ಲ. ಕಾವಲುಗಾರರನ್ನು ಕೇಳಿ, ಕಾರಣ ಹೇಳಿದರೆ ಕೆಲವರು ನಕ್ಕು ಬಿಟ್ಟಾರು, ಕೆಲವರು ನಕ್ಕು ಕಳಿಸಿಯಾರು. ಮನೆಯಲ್ಲಿ ಬಿಂದು ಯಾವುದೆಂದು ತಿಳಿಸಿ, ಇಬ್ಬರೋ ಮೂವರೋ ಒಟ್ಟಿಗೆ, ಭಾನುವಾರ ಬೆಳಿಗ್ಗೆ ವಾಹನಗಳು ಕಡಿಮೆ ಇರುವಾಗ ಹೊರಡಿ. ತಲೆಗೆ ಹೆಲ್ಮೆಟ್ ಇರಲಿ, ಮೇಲ್ಸೇತುವೆಯ ಗೊಡವೆ ಬೇಡ.

ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ದಿನ, ಹೊತ್ತು, ಎರಡು ಸಂಖ್ಯೆಗಳು, ಕಾಲಕೆಳಗಿನ ನೆಲ ಎಂಥದು, ತಲೆಯ ಮೇಲೆ ಏನಿದೆ, ಆ ಜಾಗವನ್ನು ಅಲ್ಲಿಯವರು ಏನೆಂದು ಕರೆಯುತ್ತಾರೆ, ಇಷ್ಟನ್ನೂ ಅಲ್ಲಿಯೇ ನಿಂತು ಬರೆಯಿರಿ. ತಲುಪಲು ಆಗದಿದ್ದರೆ ಎಷ್ಟು ಮೀಟರು ಉಳಿಯಿತು, ಯಾವುದು ಅಡ್ಡ ಬಂತು ಎಂದು ಬರೆಯಿರಿ. ಅಡ್ಡ ಬಂದದ್ದು ಗೋಡೆಯಾದರೆ ಅದರ ಎತ್ತರವನ್ನೂ.